ನೆಲಗೋಣೆಯ ಕಂದೀಲು

ನಮ್ಮಣ್ಣ ಸ್ತೂರೆ ಯಾರ ಮನೆಗೆ ಹೋದರೂ ಮೊದಲು ಅಂಗಳದಲ್ಲಿ ನಿಂತ ಕಾರಿನ ಬಾಗಿಲಿಗೆ ಕೈ ಸವರುತ್ತಿದ್ದ, ಆಮೇಲೆ ಮನೆಯವರ ಕೈ ಕುಲುಕುತ್ತಿದ್ದ. "ಸ್ತೂರೆ, ನಿನಗೆ ಕಾಫಿ ಕೊಡೋಳು ನಾನು, ಆ ಕಾರಲ್ಲ" ಎಂದು ಊರಿನ ಹೆಂಗಸರು ಬಾಗಿಲಲ್ಲೇ ನಿಂತು ಛೇಡಿಸುತ್ತಿದ್ದರು. ಅವನು ನಗುತ್ತಿರಲಿಲ್ಲ. "ಯಾರಪ್ಪಾ ಇದನ್ನ ಪಾತ್ರೆ ತೊಳೆಯೋ ಸೋಪಲ್ಲಿ ತೊಳೆದದ್ದು?" ಎಂದು ಕೇಳುತ್ತಿದ್ದ. ತೊಳೆದವರು ತಲೆ ತಗ್ಗಿಸುತ್ತಿದ್ದರು.

ಮರದ ಮಿಲ್ಲು ಮುಚ್ಚಿದ ಮೇಲೆ ಅಣ್ಣ ಹಿಡಿದ ಕಸುಬು ಕಾರು ತಿಕ್ಕುವುದು. ಸ್ವೀಡನ್ನಿನ ಈ ಬಡಗಣ ಕಾಡಿನಲ್ಲಿ ಅದೂ ಒಂದು ಬದುಕೇ ಎಂದು ನಗಬೇಡಿ. ಇಲ್ಲಿ ಗಂಡಸರು ಚಳಿಗಾಲವಿಡೀ ಹಳೆಯ ಅಮೆರಿಕನ್ ಕಾರುಗಳನ್ನು ಕೊಟ್ಟಿಗೆಯಲ್ಲಿ ಬಿಚ್ಚಿ ಜೋಡಿಸುತ್ತಾರೆ. ಸೂರ್ಯ ಮುಳುಗದ ಜೂನ್ ತಿಂಗಳಲ್ಲಿ ಅವನ್ನೆಲ್ಲ ಸಾಲಾಗಿ ಊರ ಬೀದಿಯಲ್ಲಿ ಮೆಲ್ಲಗೆ ಓಡಿಸುತ್ತಾರೆ, ಮೆರವಣಿಗೆಯ ಹಾಗೆ. ಆ ಸಾಲಿಗೆ ಬರುವ ಕಾರುಗಳಲ್ಲಿ ಅರ್ಧಕ್ಕರ್ಧ ನಮ್ಮಣ್ಣನ ಕೈಯಲ್ಲಿ ಹೊಳಪು ಕಂಡವು.

ಆದರೆ ಇಂಥ ಊರಿನಲ್ಲಿ ಕಾರು ತಿಕ್ಕುವವನಿಗೆ ತಿಕ್ಕುವುದು ಅರ್ಧ ಕೆಲಸ, ಬಾಟಲಿ ಕಾಯುವುದು ಇನ್ನರ್ಧ. ಜನವರಿಯಲ್ಲಿ ಉಸಿರೆಳೆದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತದೆ. ಶಾಂಪೂ, ಪಾಲಿಶ್, ತೆಳು ಮೇಣ, ಇವೆಲ್ಲ ನೀರು ಕೂಡಿದವು. ಒಂದು ಸಲ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿಸಿ ಇಟ್ಟರೆ ಹೊರಗಿನಿಂದ ಹಾಗೇ ಕಾಣುತ್ತವೆ. ಒಳಗೆ ಮಾತ್ರ ಒಡೆದ ಹಾಲಿನ ಹಾಗೆ ನೀರು ಬೇರೆ, ಹರಳು ಬೇರೆ. ಆ ಹರಳು ಬಣ್ಣದ ಮೇಲೆ ಮರಳಿನ ಹಾಗೆ ಕೆರೆಯುತ್ತದೆ. ತಿನ್ನರ್ ಮತ್ತು ಸ್ಪ್ರೇ ಡಬ್ಬಿಗಳದು ಇದಕ್ಕೆ ತದ್ವಿರುದ್ಧ. ಅವಕ್ಕೆ ಚಳಿಯ ಭಯ ಕಡಿಮೆ, ಬೆಂಕಿ ಮತ್ತು ಬಿಸಿಲಿನ ಭಯ ಹೆಚ್ಚು. ಅವನ್ನು ಅಣ್ಣ ಹೊರಗಿನ ಕೊಟ್ಟಿಗೆಯಲ್ಲಿ, ಬೇಸಿಗೆಯಲ್ಲೂ ಬಿಸಿಲು ಬೀಳದ ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿಡುತ್ತಿದ್ದ. ನೀರಿನವು ಮಾತ್ರ ನೆಲಗೋಣೆಗೆ.

ನೆಲಗೋಣೆ ಎಂದರೆ ನಮಗೂ ಪಕ್ಕದ ಮನೆಯ ಹೆಲ್ಮೆರನಿಗೂ ನಡುವೆ, ಬೇಲಿಯ ಗೆರೆಯ ಮೇಲೇ ಇರುವ ಮಣ್ಣಿನ ದಿಬ್ಬ. ನಮ್ಮಪ್ಪ, ಅವರಪ್ಪ ಸೇರಿ ತೋಡಿದ್ದು. ಕಲ್ಲಿನ ಗೋಡೆ, ಮೇಲೆ ಮಣ್ಣು ಮತ್ತು ಹುಲ್ಲು, ಎರಡು ಬಾಗಿಲು, ನೆತ್ತಿಯಲ್ಲೊಂದು ಗಾಳಿಕೊಳವೆ. ಒಳಗೆ ಎಡಕ್ಕೆ ನಮ್ಮ ಆಲೂಗಡ್ಡೆ, ಬಲಕ್ಕೆ ಅವರದು, ಎದುರಿನ ಹಲಗೆಯ ಮೇಲೆ ಅಣ್ಣನ ಬಾಟಲಿಗಳು. ಭೂಮಿಯ ಕಾವಿಗೆ ಅಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ. ತೀರಾ ಕೊರೆಯುವ ದಿನಗಳಲ್ಲಿ ಮಾತ್ರ ಭೂಮಿಯ ಕಾವೂ ಸಾಲದು. ಆಗ ಕೊಳವೆಗೆ ಗೋಣಿ ತುರುಕಿ ಒಳಗೆ ಕಂದೀಲು ಹಚ್ಚಿಡಬೇಕು. ಒಂದು ವಾರ ನಮ್ಮ ಸರದಿ, ಒಂದು ವಾರ ಹೆಲ್ಮೆರನದು. ನಮ್ಮಪ್ಪಂದಿರ ಕಾಲದಿಂದ ಈ ಸರದಿ ತಪ್ಪಿರಲಿಲ್ಲ.

ಹೆಲ್ಮೆರ ಅಣ್ಣನ ಓರಗೆಯವನು. ಟಪಾಲು ಹಂಚಿ ನಿವೃತ್ತನಾದವನು, ಮದುವೆಯಾಗದವನು, ಕಿಟಕಿ ತುಂಬ ಕೆಂಪು ಜೆರೇನಿಯಂ ಕುಂಡ ಸಾಕಿಕೊಂಡವನು. ದಿನಾ ಮಧ್ಯಾಹ್ನ ನಮ್ಮ ಅಡುಗೆಮನೆಯ ಮೇಜಿನಲ್ಲಿ ಅವನಿಗೊಂದು ಬಟ್ಟಲು ಕಾಫಿ ಇದ್ದೇ ಇರುತ್ತಿತ್ತು. ಅಣ್ಣನ ಸೊಂಟದ ಕೀಲು ಸವೆದು ಆಪರೇಷನ್ ಎಂದಾದಾಗ, "ಬೇಗ ಸರಿ ಮಾಡಿಸ್ಕೊಂಡು ಬಾ. ಮುಂದಿನ ಚಳಿಗೆ ಇಬ್ಬರೂ ಕೆನರಿ ದ್ವೀಪದ ಬಿಸಿಲಿಗೆ ಹೋಗಿ ಮರಳಲ್ಲಿ ಬಿದ್ದಿರೋಣ" ಎಂದವನು ಅವನೇ.

ಆ ವರ್ಷ ಅಣ್ಣನ ಮುಂದೆ ಒಂದು ದೊಡ್ಡ ಕೆಲಸವಿತ್ತು. ಕೆರೆಯಾಚೆಯ ಗುನ್‌ವೋರ್ ತನ್ನ ಗಂಡ ತಾಗೆಯ ಕಪ್ಪು ಕಾರನ್ನು ಜೂನ್ ಸಾಲಿನಲ್ಲಿ ತಾನೇ ಓಡಿಸುವುದಾಗಿ ನಿಶ್ಚಯಿಸಿದ್ದಳು. ತಾಗೆ ತನ್ನ ಕೊಟ್ಟಿಗೆಯಲ್ಲಿ ಪದರದ ಮೇಲೆ ಪದರ ಬಣ್ಣ ಬಳಿದು, ಒಂದು ಸಲವೂ ಬೀದಿಗಿಳಿಸದೆ ತೀರಿಕೊಂಡಿದ್ದ. ಅಂದಿನಿಂದ ಕಾರು ಬಟ್ಟೆ ಹೊದ್ದು ನಿಂತಿತ್ತು. "ಅವನ ಕೈ ಇರೋದು ಇನ್ನು ಈ ಬಣ್ಣದಲ್ಲಿ ಮಾತ್ರ, ಸ್ತೂರೆ. ನಿನಗಲ್ಲದೆ ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ" ಎಂದಿದ್ದಳು. ಅಣ್ಣನಿಗೆ ಆ ಮಾತು ಆಪರೇಷನ್ನಿಗಿಂತ ದೊಡ್ಡ ಚಿಂತೆಯಾಯಿತು. ಕಪ್ಪಿಗೆಂದೇ ಅತಿ ನಯವಾದ ಪಾಲಿಶ್ ತರಿಸಿ ನೆಲಗೋಣೆಯ ಹಲಗೆಯ ನಡುವೆ ಇಟ್ಟ.

ಜನವರಿಯಲ್ಲಿ ನಾವಿಬ್ಬರೂ ಕರಾವಳಿಯ ಆಸ್ಪತ್ರೆಗೆ ಹೊರಟೆವು. ನಾನು ಅಲ್ಲೇ ಸೋದರತ್ತೆಯ ಮಗಳ ಮನೆಯಲ್ಲಿ ಉಳಿಯುವುದೆಂದಾಗಿತ್ತು. ಅಣ್ಣ ಕಂದೀಲನ್ನು ಹೆಲ್ಮೆರನ ಕೈಗಿತ್ತ.

"ಮೈನಸ್ ಇಪ್ಪತ್ತೈದಕ್ಕಿಂತ ಕೆಳಗಿಳೀತು ಅಂದ್ರೆ ಗೋಣಿ ತುರುಕು, ಇದನ್ನ ಹಚ್ಚು. ಹಚ್ಚಿಟ್ಟು ಒಳಗೆ ಕೂತಿರಬೇಡ, ಉಸಿರು ಕಟ್ಟತ್ತೆ."

"ನಮ್ಮಪ್ಪ ತೋಡಿದ ಗುಂಡಿ ಕಣೋ ಅದು. ನನಗೇ ಹೇಳಿಕೊಡ್ತೀಯಾ?"

"ನಿಮ್ಮಪ್ಪ ತೋಡಿದ್ದು ಅರ್ಧ."

"ಹಾಗಾದ್ರೆ ನನ್ನರ್ಧಕ್ಕೆ ಮಾತ್ರ ದೀಪ ಹಚ್ತೀನಿ ಬಿಡು. ನಿನ್ನ ಬಾಟಲಿಗಳು ಕತ್ತಲಲ್ಲಿ ಮಲಗಲಿ."

ನಾವು ಮೂವರೂ ನಕ್ಕೆವು. ಬಸ್ಸು ತಿರುವು ದಾಟುವವರೆಗೂ ಅವನು ಕಂದೀಲು ಎತ್ತಿ ಬೀಸುತ್ತಿದ್ದ.

ನಾವು ಮರಳಿದಾಗ ಸೂರ್ಯ ಇನ್ನೂ ಮಧ್ಯಾಹ್ನ ಒಂದಿಷ್ಟು ಹೊತ್ತು ಕಾಡಿನ ಮೇಲೆ ಇಣುಕಿ ಹೋಗುವ ಕಾಲ. ಹೆಲ್ಮೆರ ನಿಲ್ದಾಣಕ್ಕೇ ಬಂದಿದ್ದ. ಅವನ ಮೂಗು ಕೆಂಪಾಗಿ ಸಿಪ್ಪೆ ಸುಲಿಯುತ್ತಿತ್ತು.

"ಏನೋ ಇದು, ಬೇಯಿಸಿದ ಬೀಟ್‌ರೂಟು?" ಎಂದ ಅಣ್ಣ.

"ಸೌನಾದ ಹಬೆಕೋಣೆಯಲ್ಲಿ ಒಲೆ ಮುಂದೆ ನಿದ್ದೆ ಹೋಗಿಬಿಟ್ಟೆ ಮಾರಾಯ."

"ಕುಡಿದು ಬಿದ್ದೆ ಅನ್ನು."

"ಸಿಗ್ನೆ ಎದುರಿಗೆ ಹೇಳಬೇಡ್ವೋ" ಎಂದು ನನ್ನತ್ತ ಕಣ್ಣು ಹೊಡೆದ. ಆಮೇಲೆ ತಾನೇ ಅಣ್ಣನ ತೋಳು ಹಿಡಿದು ಹಿಮದ ಮೇಲೆ ನಡೆಸಿಕೊಂಡು ಬಂದ. ನೆಲಗೋಣೆಯ ಮಾತೆತ್ತಿದರೆ, "ಅಲ್ಲಿ ನಿನ್ನ ಪಾಲಿಶ್ ನನಗಿಂತ ಬೆಚ್ಚಗಿತ್ತು" ಎಂದ.

ಅವತ್ತೇ ಅವನು ನಮ್ಮ ಪಾಲಿನ ಆಲೂಗಡ್ಡೆಯನ್ನು ಬುಟ್ಟಿ ತುಂಬ ತಂದುಕೊಟ್ಟ. ತೊಳೆಯುವಾಗ ಮಣ್ಣಿನ ಜೊತೆ ಬಿಳಿಯ ಸಣ್ಣ ಕಾಳುಗಳು ಬೆರಳಿಗಂಟಿದವು. ಮೀನಿನ ಡಬ್ಬದ ಥರ್ಮಕೋಲ್ ಉದುರಿರಬೇಕೆಂದುಕೊಂಡು ಕಡುಬು ಮಾಡಿದೆ. ಮೂವರೂ ಬೆಣ್ಣೆ ಹಾಕಿಕೊಂಡು ತಿಂದೆವು.

ಜೂನ್ ಬಂತು, ಆಪರೇಷನ್ನಿನ ಮೇಲೆ ಅಣ್ಣನಿಗೆ ಮೊದಲ ಕೆಲಸ. ಕಪ್ಪು ಕಾರನ್ನು ಟ್ರೇಲರಿನಲ್ಲಿ ತಂದು ನಮ್ಮ ಗ್ಯಾರೇಜಿನಲ್ಲಿ ಇಳಿಸಿದರು. ಅಣ್ಣ ಕೋಲು ಗೋಡೆಗೆ ಒರಗಿಸಿ, ಕಾರಿಗೆ ಹೊದಿಸಿದ ಬಟ್ಟೆ ಸರಿಸಿದ. ಆಮೇಲೆ ತೊಳೆದ, ಒರೆಸಿದ, ನೆಲಗೋಣೆಯಿಂದ ಬಾಟಲಿ ತರಿಸಿದ. ತಂದವನು ಹೆಲ್ಮೆರ. ತಂದುಕೊಟ್ಟು, ಇಲ್ಲಿಯವರ ರೂಢಿಯಂತೆ ಕಾಫಿಗೆ ಚೀಸಿನ ತುಂಡು ಹಾಕಿಕೊಂಡು, ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಣ್ಣ ಬಾಟಲಿ ಅಲ್ಲಾಡಿಸಿ ಬಟ್ಟೆಗೆ ಸುರಿದುಕೊಂಡ. ಬೇರೆ ಯಾರಾದರೂ ಕಾಯ್ದ ಬಾಟಲಿಯಾಗಿದ್ದರೆ ಮೊದಲು ಗಾಜಿನ ಮೇಲೆ ಒಂದು ಹನಿ ಉಜ್ಜಿ ನೋಡುತ್ತಿದ್ದ. ಇದು ನಮ್ಮ ನೆಲಗೋಣೆಯದು.

ಬಾನೆಟ್ಟಿನಿಂದ ಹಿಡಿದು ಹಿಂದಿನ ಚಕ್ರದವರೆಗೆ ಒಂದು ಬದಿಯನ್ನು ಪೂರಾ ತಿಕ್ಕಿದ. ಸೊಂಟ ನೋಯುತ್ತಿದ್ದರೂ ಕೈ ನಿಲ್ಲಿಸಲಿಲ್ಲ. ಒಣಗಿದ ಬಿಳಿ ಪುಡಿಯನ್ನು ಒರೆಸಿ, ಕಾರನ್ನು ಮೆಲ್ಲಗೆ ಬಿಸಿಲಿಗೆ ತಳ್ಳಿದೆವು. ನಾನು ನೋಡಿದೆ. ತಿಕ್ಕದ ಬದಿ ಕೆರೆಯ ನೀರಿನ ಹಾಗಿತ್ತು. ತಿಕ್ಕಿದ ಬದಿಯ ತುಂಬ ಜೇಡರ ಬಲೆ ಹರಡಿದ ಹಾಗೆ ಗೀರುಗಳು.

ಅಣ್ಣ ಆ ಬದಿಗೆ ಬಂದ. ಅಂಗೈ ಇಟ್ಟ, ತೆಗೆದ.

ಹೆಲ್ಮೆರ ಬಟ್ಟಲು ಕೆಳಗಿಟ್ಟು ಹತ್ತಿರ ಬಂದ. "ಹಳೇ ಬಣ್ಣ ಅಲ್ವೇನೋ" ಎಂದ. "ತಾಗೆ ಅಷ್ಟೇನೂ ಚೆನ್ನಾಗಿ ಬಳಿದಿರಲಿಲ್ಲ ಅನ್ಸತ್ತೆ."

ಅಣ್ಣ ಅವನ ಮುಖವನ್ನು ನೋಡಿದ. "ಇರಬಹುದು" ಎಂದ.

ಹೆಲ್ಮೆರ ಹೋದ ಮೇಲೆ ಅಣ್ಣ ಕಿಟಕಿಯ ಗಾಜಿನ ಮೇಲೆ ಪಾಲಿಶ್ ಸುರಿದು ಬೆರಳಲ್ಲಿ ಉಜ್ಜಿದ. ಹರಳು ಕಿರ್ರೆಂದಿತು. ಕೋಲೂರಿಕೊಂಡು ನೆಲಗೋಣೆಗೆ ನಡೆದ, ನಾನು ಬ್ಯಾಟರಿ ಹಿಡಿದು ಹಿಂದೆ. ಹಲಗೆಯ ಮೇಲಿನ ಬಾಟಲಿಗಳನ್ನು ಒಂದೊಂದಾಗಿ ಬೆರಳಿಂದ ತಟ್ಟಿದ. ಒಂದೊಂದೂ ತೊಟ್ಟಿಲಿನ ಹಾಗೆ ತೂಗಿತು. ಒಳಗೆ ಹೆಪ್ಪುಗಟ್ಟಿ ಉಬ್ಬಿ, ತಳ ದುಂಡಗಾಗಿತ್ತು. ಎಲ್ಲದರ ಮೈಯನ್ನೂ ಯಾರೋ ಬಟ್ಟೆಯಿಂದ ನೀಟಾಗಿ ಒರೆಸಿ, ಮೊದಲಿದ್ದ ಸಾಲಿನಲ್ಲೇ ಇಟ್ಟಿದ್ದರು.

"ಅಣ್ಣಾ, ಹಾಗಾದ್ರೆ ನಮ್ಮ ಆಲೂಗಡ್ಡೆ?" ಎಂದೆ. ಬಾಟಲಿ ಹೆಪ್ಪುಗಟ್ಟಿದ ಕಡೆ ಆಲೂಗಡ್ಡೆ ಉಳಿಯುವುದು ಹೇಗೆ? ನಾವು ಚಳಿಯಿಡೀ ತಿಂದದ್ದು ಒಳ್ಳೆಯ ಗಡ್ಡೆಯೇ.

ಅಣ್ಣ ನಮ್ಮ ಆಲೂಗಡ್ಡೆ ಪೆಟ್ಟಿಗೆಯ ಹಿಂದೆ ಕೋಲು ತೂರಿಸಿ ಏನೋ ಉರುಳಿಸಿದ. ಸುಕ್ಕುಗಟ್ಟಿ ಕಪ್ಪಾದ ಒಂದು ಗಡ್ಡೆ. ಅದಕ್ಕಂಟಿದ್ದು ನಮ್ಮ ಹೊಲದ ಹಳದಿ ಮರಳು. ಪೆಟ್ಟಿಗೆಯಲ್ಲಿ ಉಳಿದ ಗಡ್ಡೆಗಳಿಗೆ ಕಪ್ಪು ಮಣ್ಣು ಮೆತ್ತಿತ್ತು, ಅದರಲ್ಲಿ ಆ ಬಿಳಿ ಕಾಳು. ಅಂಗಡಿಯಲ್ಲಿ ಹೂವಿನ ಕುಂಡಕ್ಕೆಂದು ಮಾರುವ ಮಣ್ಣಿನಲ್ಲಿ ಇರುತ್ತದಲ್ಲ, ಅದೇ. ಹೆಲ್ಮೆರನ ಜೆರೇನಿಯಂ ಕುಂಡಗಳ ಮಣ್ಣು. ನಮ್ಮ ಗಡ್ಡೆಗಳನ್ನೆಲ್ಲ ಹೊರಗೆಸೆದು, ಅಂಗಡಿಯ ತೊಳೆದ ಗಡ್ಡೆ ತಂದು, ನಮ್ಮದೆಂದು ಕಾಣಲಿ ಎಂದು ಕೂತು ಒಂದೊಂದಕ್ಕೂ ಮಣ್ಣು ಹಚ್ಚಿದ್ದ. ತಳ ಬಿಟ್ಟರೆ ಬಾಟಲಿಗಳು ಹೊರಗಿನಿಂದ ಹಾಗೇ ಇದ್ದವಲ್ಲ, ಒರೆಸಿಟ್ಟು ಕೈ ತೊಳೆದುಕೊಂಡಿದ್ದ.

"ಅವನ ಮೂಗು ನೆನಪಿದೆಯಾ, ಸಿಗ್ನೆ?" ಎಂದ ಅಣ್ಣ.

ಆಗ ನನಗೆ ಹೊಳೆಯಿತು. ಜನವರಿಯಲ್ಲಿ ಮೂಗು ಸುಲಿಯುವಂಥ ಬಿಸಿಲು ನಮ್ಮ ಊರಲ್ಲಿಲ್ಲ, ಕೆನರಿಯಲ್ಲಿದೆ. ಆಮೇಲೆ ಪಟ್ಟಣದ ಟಿಕೆಟ್ ಅಂಗಡಿಯ ಹುಡುಗಿಯೂ ಮಾತಿಗೆ ಮಾತು ಬಂದು ಅದನ್ನೇ ಹೇಳಿದಳು. ಅಣ್ಣ ಹಾಸಿಗೆಯಲ್ಲಿ ಬಿದ್ದು ಹೆಜ್ಜೆ ಇಡುವುದನ್ನು ಹೊಸದಾಗಿ ಕಲಿಯುತ್ತಿದ್ದಾಗ, ಅಗ್ಗದ ಟಿಕೆಟ್ ಸಿಕ್ಕಿತೆಂದು ಅವನೊಬ್ಬನೇ ಮರಳಿನಲ್ಲಿ ಮಲಗಿ ಬಂದಿದ್ದ. ಒಂದು ಮಾತು ಹೇಳಿದ್ದರೆ ಎದುರುಮನೆಯವರು ಕಂದೀಲು ಹಚ್ಚುತ್ತಿದ್ದರು. ಹೇಳಿದರೆ ಹೋದದ್ದು ತಿಳಿಯುತ್ತದಲ್ಲ.

ನೆಲಗೋಣೆಯಿಂದ ಹೊರಬಂದವಳೇ ನಾನು ಹೆಲ್ಮೆರನ ಬಾಗಿಲ ಕಡೆ ತಿರುಗಿದೆ. ಅಣ್ಣ ಕೋಲು ಅಡ್ಡ ಹಿಡಿದ.

"ಬೇಡ. ಅವನಾಗೇ ಹೇಳಲಿ."

"ಹೇಳದಿದ್ರೆ?"

"ಹೇಳ್ತಾನೆ. ನಾನು ಸುರಿದದ್ದನ್ನ ನಿಂತು ನೋಡಿದಾನೆ. ಹೇಳದೆ ಎಷ್ಟು ದಿನ ಇರ್ತಾನೆ?"

ಮರುದಿನ ಗುನ್‌ವೋರ್ ಬಂದಳು. ಗೀರುಗಳ ಮೇಲೆ ಬೆರಳಾಡಿಸಿದಳು. ಹೆಲ್ಮೆರ ಅಲ್ಲೇ, ಗ್ಯಾರೇಜಿನ ಬಾಗಿಲಲ್ಲೇ ಇದ್ದ.

"ನನ್ನ ಕೈಯಿಂದಲೇ ಆದದ್ದು" ಎಂದ ಅಣ್ಣ. ಹೇಳಿ, ಹೆಲ್ಮೆರನ ಕಡೆ ನೋಡಿದ. ಅವನು ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದ.

"ತಿಕ್ಕಿ ತೆಗೆಯೋಕಾಗಲ್ವಾ?" ಎಂದಳು ಗುನ್‌ವೋರ್.

"ಆಗತ್ತೆ. ಆದ್ರೆ ಪದರ ಎಷ್ಟಿದ್ರೂ ಬಣ್ಣ ತೆಳು. ಗೀರು ಹೋಗೋಷ್ಟು ತಿಕ್ಕಿದ್ರೆ ತಾಗೆ ಬಳಿದದ್ದೂ ಹೋಗತ್ತೆ."

"ಹಾಗಾದ್ರೆ ಬೇಡ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾರಿಗೆ ಬಟ್ಟೆ ಹೊದಿಸಿ ಟ್ರೇಲರಿನಲ್ಲಿ ವಾಪಸು ಒಯ್ದಳು. ಹಗ್ಗ ಕಟ್ಟಿಕೊಟ್ಟವನು ಹೆಲ್ಮೆರ. ಆ ಜೂನ್ ಸಾಲಿಗೆ ಕಪ್ಪು ಕಾರು ಬರಲಿಲ್ಲ. ಅಂಗಡಿಯಲ್ಲಿ ಸಿಕ್ಕರೆ ಗುನ್‌ವೋರ್ ಈಗ ಅಣ್ಣನಿಗೆ ತಲೆಯಾಡಿಸುತ್ತಾಳೆ, ನಿಲ್ಲುವುದಿಲ್ಲ. ಅಣ್ಣನೂ ಯಾರ ಅಂಗಳದ ಕಾರಿಗೂ ಕೈ ಸವರುವುದನ್ನು ಬಿಟ್ಟ.

ಹೆಲ್ಮೆರ ದಿನಾ ಮಧ್ಯಾಹ್ನ ಕಾಫಿಗೆ ಬಂದ. ಹವೆಯ ಮಾತಾಡಿದ, ಮೀನಿನ ಮಾತಾಡಿದ. ಬೇಸಿಗೆ ಕಳೆಯಿತು.

ಆಲೂಗಡ್ಡೆ ಕಿತ್ತ ಮೇಲೆ ಅಣ್ಣ ನಮ್ಮ ಪಾಲನ್ನು ಮನೆಯೊಳಗೆ, ಬಟ್ಟೆ ಒಗೆಯುವ ಕೋಣೆಯ ತಣ್ಣಗಿನ ಗೋಡೆಗೆ ಒರಗಿಸಿಟ್ಟ. ಹೊಸ ಬಾಟಲಿಗಳು ನನ್ನ ಮಂಚದ ಕೆಳಗೆ ಬಂದವು. ನೆಲಗೋಣೆಯ ಹಲಗೆಯ ಮೇಲೆ ಹಳೆಯವನ್ನೇ ಖಾಲಿ ಮಾಡಿ, ಮುಚ್ಚಳ ಬಿಗಿದು, ಸಾಲಾಗಿ ನಿಲ್ಲಿಸಿದ. ಹೊರಗಿನಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತಿದ್ದವು.

"ಈ ಚಳಿಗೆ ಕಂದೀಲು ಪೂರಾ ನನಗೇ ಬಿಡು, ನಿನ್ನ ಸೊಂಟ ನೋಡ್ಕೋ" ಎಂದು ಹೆಲ್ಮೆರ ತಾನಾಗಿ ಹೇಳಿದ. ಆಡಿದಂತೆ ನಡೆದ ಕೂಡ. ಕೊರೆಯುವ ದಿನ ಸಂಜೆಯಾಗುತ್ತಲೇ ಹಿಮದಲ್ಲಿ ಮೊಣಕಾಲವರೆಗೆ ಹೂತುಕೊಂಡು ಹೋಗಿ, ಗೋಣಿ ತುರುಕಿ, ದೀಪ ಹಚ್ಚಿ ಬರುತ್ತಾನೆ. ಬಾಗಿಲು ತೆರೆದಾಗ ಹಿಮದ ಮೇಲೆ ಹಳದಿ ಬೆಳಕಿನ ಪಟ್ಟೆ ಬೀಳುತ್ತದೆ. ಅಣ್ಣ ಕಿಟಕಿಯಲ್ಲಿ ಕೂತು ನೋಡುತ್ತಾನೆ. "ಹಚ್ಚಿದ" ಎನ್ನುತ್ತಾನೆ, ಅಷ್ಟೇ.

ಮೊನ್ನೆ ದೀಪ ಹಚ್ಚಿ ನೇರ ನಮ್ಮ ಅಡುಗೆಮನೆಗೆ ಬಂದ ಹೆಲ್ಮೆರ, ಹುಬ್ಬಿನ ಮೇಲೆಲ್ಲ ಬಿಳಿ ಮಂಜು. ಕೈಗವಸು ಕಳಚಿ ಒಲೆಗೆ ಕೈ ಚಾಚಿದ.

"ನಿನ್ನ ಬಾಟಲಿಗಳೆಲ್ಲ ಚೆನ್ನಾಗಿವೆ ಕಣೋ. ಒಂದೂ ಹೆಪ್ಪುಗಟ್ಟಿಲ್ಲ."

"ನೋಡಿದ್ಯಾ?" ಎಂದ ಅಣ್ಣ.

"ನೋಡೋದೇನು, ಒಂದೊಂದನ್ನೂ ಕೈಯಲ್ಲಿ ಎತ್ತಿ ಅಲ್ಲಾಡಿಸಿ ಇಟ್ಟು ಬಂದೆ."

ನಾನು ಒಲೆಯ ಮುಂದೆ ನಿಂತಿದ್ದವಳು ತಿರುಗಲಿಲ್ಲ. ಎತ್ತಿದ್ದರೆ ಖಾಲಿ ಎಂದು ತಿಳಿಯಬೇಕಿತ್ತು. ಒಂದೋ ಅವನು ಮುಟ್ಟಿಯೇ ಇಲ್ಲ, ಅಥವಾ ಖಾಲಿ ಎಂದು ತಿಳಿದೂ ಬಾಯಿ ಬಿಡುತ್ತಿಲ್ಲ. ಎರಡರಲ್ಲಿ ಯಾವುದಾದರೂ ಅಣ್ಣ ಕಾಯುತ್ತಿದ್ದ ಮಾತು ಅದಲ್ಲ.

ಅಣ್ಣ ಮೇಜಿನ ಮೇಲಿನ ಬಟ್ಟಲನ್ನು ತನ್ನತ್ತ ಎಳೆದುಕೊಂಡ. ಹೆಲ್ಮೆರನ ಬಟ್ಟಲು, ಅಂಚಿನಲ್ಲಿ ನೀಲಿ ಹೂವಿನದು, ಅವರಮ್ಮ ನಮ್ಮಮ್ಮನಿಗೆ ಕೊಟ್ಟದ್ದು. ಆಮೇಲೆ ಅದನ್ನೆತ್ತಿ, ತಾನೇ ತೊಳೆದು, ಒರೆಸಿ, ಅವನ ಕೈಗೆ ಕೊಟ್ಟ.

"ಇದನ್ನ ನಿಮ್ಮ ಮನೆಗೆ ತಗೊಂಡು ಹೋಗು, ಹೆಲ್ಮೆರ" ಎಂದ. "ನಾಳೆಯಿಂದ ಕಂದೀಲೂ ಹಚ್ಚಬೇಡ. ಅಲ್ಲಿ ನಂದೇನೂ ಇಲ್ಲ."