ಮೂರನೇ ಬಣ್ಣ, ನಾಲ್ಕನೇ ಬಣ್ಣ

ಫಾರಿನ್ ಕಂಪನಿಯೊಂದರ ಫೌಂಡೇಶನ್ ಕ್ರೀಮಿನ ಸರ್ವೆಗೆಂದು ರಾವಂದೂರಿಗೆ ಹೋಗಿದ್ದೆ. ಹೊಗೆಸೊಪ್ಪನ್ನು ಬಣ್ಣ ನೋಡಿ ಗ್ರೇಡ್ ಮಾಡುತ್ತಿದ್ದ ಪುಟ್ಟಮ್ಮ ಎನ್ನುವವರ ಕೈಗೆ ನಮ್ಮ ಹನ್ನೆರಡು ಮೈಬಣ್ಣಗಳ ಕಾರ್ಡು ಕೊಟ್ಟು, "ನಿಮ್ಮ ಬಣ್ಣ ಯಾವುದು?" ಎಂದೆ. ಅವರು ಕಾರ್ಡನ್ನು ಎಲೆಯ ಹಾಗೇ ಬೆಳಕಿಗೆ ಹಿಡಿದು ನೋಡಿದರು.

"ನಂದಿರ್ಲಿ ಬುಡವ್ವ. ಈ ಮೂರ್ನೇದು, ನಾಕ್ನೇದು ಎರಡೂ ಒಂದೇ ಗ್ರೇಡು ಕಣವ್ವ. ಹೆಸ್ರು ಯಾಕೆ ಬ್ಯಾರೆ?"

"ಒಂದು ಜೇನು, ಇನ್ನೊಂದು ಶ್ರೀಗಂಧ," ಎಂದೆ.

"ನಾವು ಇಂಗೆ ಮಾಡುದ್ರೆ ಹರಾಜಲ್ಲಿ ಸೊಪ್ಪಿನ ಬೇಲ್ನೇ ವಾಪಸ್ ಕಳುಸ್ತಾರೆ."

ಆ ಎರಡು ಬಣ್ಣದ ಕ್ರೀಮನ್ನೂ ಒಂದೇ ಡ್ರಮ್ಮಿನಿಂದ ಟ್ಯೂಬಿಗೆ ತುಂಬುತ್ತಾರೆಂದು ನನಗೆ ಗೊತ್ತಿತ್ತು, ಹೆಸರಿಟ್ಟವಳೇ ನಾನು. ಆದರೆ ಎರಡು ಬಣ್ಣ ಒಂದೇ ಎಂದವರಿಗೆ ನಮ್ಮ ಫಾರಂನಲ್ಲಿ ಇದ್ದದ್ದು ಒಂದೇ ಕಾಲಂ: "ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ." ಟಿಕ್ ಹಾಕಿದೆ.