ಇಪ್ಪತ್ತು ಹೆಜ್ಜೆ ದೂರದ ಹಿಪ್ಪುನೇರಳೆ ಮರ

ಬೆಳಗಿನ ಐದೂವರೆ. ಸೂಕ್ ಅಹ್ರಾಸ್ ಊರಿನ ಹೈಸ್ಕೂಲೊಂದರ ಗೇಟಿನಿಂದ ಲಖ್ದರ್ ಬೂಜಿದ್ ಕಾಫಿಯ ಫ್ಲಾಸ್ಕ್ ಹಿಡಿದು ರಸ್ತೆ ದಾಟುತ್ತಾರೆ. ಇಂದು ಹೈಸ್ಕೂಲು ಮುಗಿಸುವವರ ಬಾಕ್ ಪರೀಕ್ಷೆ ಶುರು. ಎದುರಿನ ಹಿಪ್ಪುನೇರಳೆ ಮರದಡಿ ಆಗಲೇ ಒಬ್ಬ ಹುಡುಗಿ ಮಂಡಿಗೆ ಮುಖ ಹುದುಗಿಸಿ ಕೂತಿದ್ದಾಳೆ.

"ನಿದ್ದೆ ಮಾಡಿದ್ಯೇನಮ್ಮಾ?"

"ಇಲ್ಲ ತಾತ. ಓದಿದ್ದು ಒಂದೂ ನೆನಪಿಲ್ಲ."

"ನಂಗೆ ಒಂದೊಂದ್ಸಲ ಹೆಂಡ್ತಿ ಹೆಸರೇ ನೆನಪಾಗಲ್ಲ. ಆದ್ರೂ ಊಟ ಹಾಕ್ತಾಳೆ. ತಗೋ, ಕುಡಿ."

ಹುಡುಗಿ ತುಸು ನಗುತ್ತಾಳೆ.

ಅರವತ್ತರ ಹೊಸ್ತಿಲಲ್ಲಿರುವ ಲಖ್ದರ್ ಇಪ್ಪತ್ತಾರು ವರ್ಷಗಳಿಂದ ಇಲ್ಲಿನ ಕಾವಲುಗಾರ. ಬಾಕ್ ದಿನಗಳಲ್ಲಿ ಎಂಟಕ್ಕೆ ಸರಿಯಾಗಿ ಗೇಟು ಹಾಕಬೇಕು. ಆಮೇಲೆ ಮಂತ್ರಿಯ ಮಗ ಬಂದರೂ ತೆಗೆಯುವಂತಿಲ್ಲ. ಮಂತ್ರಿಯ ಮಗ ಇಲ್ಲಿ ಓದುವುದಿಲ್ಲ, ಆ ಮಾತು ಬೇರೆ. ಹೊರಗುಳಿದವರಿಗೆ ಆ ವರ್ಷ ಮಣ್ಣುಪಾಲು.

ಮೂರು ವರ್ಷದ ಹಿಂದೆ ಇದೇ ಮರದಡಿ ವಿದಾದ್ ಎಂಬ ಹುಡುಗಿ ಆರು ಗಂಟೆಯಿಂದ ಕೂತಿದ್ದಳು. ಓದಿನಲ್ಲಿ ಕ್ಲಾಸಿಗೇ ಮೊದಲು. ಅವಳು ಪರೀಕ್ಷೆ ಬರೆಯುವ ಮುಂಚೆಯೇ ಅಪ್ಪ ಔತಣಕ್ಕೆಂದು ಅಂಗಳದಲ್ಲಿ ಕುರಿ ತಂದು ಕಟ್ಟಿದ್ದ. ನೆರೆಯವರ ಬಾಯಲ್ಲಿ ಆಗಲೇ ಡಾಕ್ಟ್ರಮ್ಮ. ಓದುತ್ತಿದ್ದಾಳೆ ಅಂದುಕೊಂಡ ಲಖ್ದರ್ ಎಂಟಕ್ಕೆ ಗೇಟು ಹಾಕಿದರು.

"ಅವಳು ಏಳಲೇ ಇಲ್ಲ. ನಾನೂ ಕರೀಲಿಲ್ಲ. ಇಪ್ಪತ್ತೇ ಹೆಜ್ಜೆ ದೂರ ಇತ್ತು," ಎನ್ನುತ್ತಾರೆ.

ಊರು ಅವಳನ್ನು ನಿದ್ದೆಬುರುಕಿ ಎಂದಿತು. ಅಪ್ಪ ಕುರಿ ಮಾರಿದ. ವೈದ್ಯರು ಖಿನ್ನತೆ ಎಂದಾಗ, "ನಮ್ಮ ವಂಶದಲ್ಲಿ ಅಂಥ ರೋಗ ಇಲ್ಲ" ಎಂದು ಎದ್ದು ಬಂದ. ವಿದಾದ್ ಇಂದಿಗೂ ಕೋಣೆ ಬಿಟ್ಟು ಹೊರಬರುವುದಿಲ್ಲ. ಫಲಿತಾಂಶದ ದಿನ ಹಾರ್ನ್ ಬಾರಿಸುತ್ತ ಮೆರೆಯಲು ಊರಿಗೆ ಊರೇ ಇರುತ್ತದೆ. ಆ ಕೋಣೆಯ ಬಾಗಿಲು ತಟ್ಟಲು ಒಂದು ನರಪಿಳ್ಳೆಯೂ ಇಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ತಮ್ಮನ್ನೇ ಹಳಿದುಕೊಳ್ಳುವ ಲಖ್ದರ್, ಅಂದಿನಿಂದ ಪರೀಕ್ಷೆಯ ಐದೂ ದಿನ ಮರಕ್ಕೂ ಗೇಟಿಗೂ ಅಲೆಯುತ್ತಾರೆ. ಹೋದ ವರ್ಷ ಹನ್ನೊಂದು ಮಕ್ಕಳನ್ನು ಕೈಹಿಡಿದು ಒಳಗೆ ಬಿಟ್ಟರು. ಅದಕ್ಕೆ ಸಿಕ್ಕ ಬಹುಮಾನ, ಗೇಟು ಬಿಟ್ಟು ಹೋದದ್ದೇಕೆ ಎಂಬ ನೋಟಿಸು.

ಎಂಟಕ್ಕೆ ಎರಡು ನಿಮಿಷ. ಕಾಫಿ ಕುಡಿದ ಹುಡುಗಿ ಒಳಗೆ ಹೋಗಿಯಾಗಿದೆ. ಮರದಡಿ ಯಾರೂ ಇಲ್ಲವೆಂದು ಇನ್ನೊಮ್ಮೆ ನೋಡಿ, ಎಂಟು ಹೊಡೆದಾಗ ಲಖ್ದರ್ ಚಿಲಕ ಹಾಕುತ್ತಾರೆ. ಅಕ್ಟೋಬರಿನಲ್ಲಿ ನಿವೃತ್ತಿ. ಆಮೇಲೆ ಏನಾಸೆ ಎಂದು ಕೇಳಿದರೆ ಹೇಳುತ್ತಾರೆ:

"ಶುಕ್ರವಾರ ಶುಕ್ರವಾರ ವಿದಾದ್ ಮನೆಗೆ ಒಂದು ಬಟ್ಟಲು ಕುಸ್ಕುಸ್ ಊಟ ಒಯ್ತೀನಿ. ಒಂದ್ಸಲ ಅವಳೇ ಬಂದು ಬಾಗಿಲು ತೆಗೀಲಿ, ಅಷ್ಟೇ. ಅವಳಪ್ಪ ಬಟ್ಟಲು ಇಸ್ಕೊಂಡು ಮುಖದ ಮೇಲೇ ಕದ ಹಾಕ್ತಾನೆ. ಬೈಯೋಕೆ ನಂಗೆ ಬಾಯಿಲ್ಲ. ಮೊದಲು ಹಾಕಿದೋನು ನಾನೇ ತಾನೆ?"