ಕಳೆ ಸಾಲಿನ ಧಾರಾವಾಹಿ

ದಿಗ್ಗೇವಾಡಿಯ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಹಿಂದಿನ ಸಂಜೆಯ ಮರಾಠಿ ಧಾರಾವಾಹಿಯನ್ನು ಕನ್ನಡದಲ್ಲಿ ಹೇಳುವವಳು ರುಕ್ಮವ್ವ. ಆ ಗುಂಪಿನಲ್ಲಿ ಮರಾಠಿ ಚೆನ್ನಾಗಿ ಬಲ್ಲವಳು ಅವಳೊಬ್ಬಳೇ. ಒಂದು ಸಂಜೆ ಕರೆಂಟು ಹೋಗಿ ಕಂತು ತಪ್ಪಿತು. ನೋಡಲಿಲ್ಲ ಎನ್ನಲು ಮನಸ್ಸಾಗದೆ, ಮರುದಿನ ಸೊಸೆಯನ್ನು ಕಾಡುವ ಅತ್ತೆಯನ್ನು ತಾನೇ ಸಾಯಿಸಿ ಕತೆ ಹೇಳಿಬಿಟ್ಟಳು. ಆಮೇಲಷ್ಟೇ ಅಂದೇ ಕೆಲಸಕ್ಕೆ ಬಂದಿದ್ದ ಕೋಮಲ ಕಣ್ಣಿಗೆ ಬಿದ್ದಳು. ಮಿರಜಿನ ಹುಡುಗಿ, ಎಲ್ಲವನ್ನೂ ಮೊಬೈಲಿನಲ್ಲಿ ನೋಡುವವಳು. ಸುಳ್ಳು ಬಯಲಾಯಿತೆಂದುಕೊಂಡಳು ರುಕ್ಮವ್ವ. ಇನ್ನು ತನ್ನ ಕತೆ ಯಾರು ಕೇಳುತ್ತಾರೆ?

"ಕಾಕು, ಅಕಿ ಸತ್ತಿಲ್ಲಲ್ರಿ," ಎಂದಳು ಕೋಮಲ, ರುಕ್ಮವ್ವನನ್ನು ಮರಾಠಿ ರೂಢಿಯಂತೆ ಚಿಕ್ಕಮ್ಮ ಎಂದು ಕರೆದು.

ಎಲ್ಲರ ಕೈಗಳು ನಿಂತವು. ಮುದುಕಿ ಭೀಮಾಬಾಯಿ ಮಾತ್ರ ತಲೆಯೆತ್ತಲಿಲ್ಲ.

"ಟೀವ್ಯಾಗ ಇದ್ರ ಇರ್ಲಿ ಬೇ. ನಮ್ಮ ಹೊಲದಾಗ ಸತ್ತಾಳ. ರುಕ್ಮಿ, ನೀ ಮುಂದ ಹೇಳ."

ಮುಂದೇನು ಹೇಳುವುದು? ಜಗಳ ತೆಗೆಯುವವಳೇ ಸತ್ತ ಮನೆಯಲ್ಲಿ ಕತೆ ಹೇಗೆ ನಡೆದೀತು? ರುಕ್ಮವ್ವ ಸೆರಗಿನಿಂದ ಬೆವರೊರೆಸಿಕೊಂಡಳು.